ಬೇಕಲದ ಸಂಜೆ ಮತ್ತು ಮೂರು ನಕ್ಷತ್ರದ ಷರತ್ತು

ಗೋವಾವನ್ನೋ ಗೋಕರ್ಣವನ್ನೋ ಮೊದಲೇ ಕಂಡಿರುವ ಬೆಂಗಳೂರಿನ ಪ್ರವಾಸಿಗರು ಕೇರಳದ ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕಡಲನ್ನು ನೋಡುತ್ತಾ ಕುಳಿತು ಒಂದು ಬಿಯರ್ ಕುಡಿಯುವ ಜಾಗ ಇಲ್ಲಿ ಎಲ್ಲಿದೆ? ಕೋಟೆಯ ಹೊರಗಿನ ಕಬ್ಬಿನ ಹಾಲಿನ ಅಂಗಡಿಯವರಿಂದ ಹಿಡಿದು ಆಟೋ ಚಾಲಕರವರೆಗೆ ಎಲ್ಲರ ಬಳಿಯೂ ಇದಕ್ಕೆ ಸಿದ್ಧ ಉತ್ತರವಿದೆ. ಕೈಯಲ್ಲಿ ಧಾರಾಳ ಹಣವಿದ್ದರೆ ದೊಡ್ಡ ರೆಸಾರ್ಟಿನ ಗೇಟು, ಇಲ್ಲದಿದ್ದರೆ ಕಾಞಂಗಾಡಿನ ಅಥವಾ ಕಾಸರಗೋಡಿನ ಪೇಟೆಯ ಹೋಟೆಲು. ಕೋಟೆ ಇರುವ ಪಳ್ಳಿಕ್ಕೆರೆಯ ಮರಳಿನ ಅಂಚಿನಲ್ಲಿ ನಾಲ್ಕು ಕುರ್ಚಿ ಹಾಕಿ, ಮೀನು ಹುರಿದು, ಜೊತೆಗೆ ಬಿಯರ್ ಕೊಡುವ ಗುಡಿಸಲು ಇಲ್ಲ. ಈಗಿನ ಕಾನೂನಿನಲ್ಲಿ ಇರಲು ಸಾಧ್ಯವೂ ಇಲ್ಲ.

ಇದಕ್ಕೆ ಹೊರಗಿನವರು ಸಾಮಾನ್ಯವಾಗಿ ಕೊಡುವ ಕಾರಣ ಊರಿನ ಮಡಿವಂತಿಕೆ. ಆ ಮಾತು ಅರ್ಧ ಮಾತ್ರ ನಿಜ. ಕಾಸರಗೋಡು ಜಿಲ್ಲೆಯಲ್ಲಿ ಕುಡಿಯುವವರಿಗೆ ಕೊರತೆಯಿಲ್ಲವೆಂಬುದು ಸರಕಾರಿ ಮದ್ಯದಂಗಡಿಗಳಾದ ಬೆರಳೆಣಿಕೆಯ ಬಿವರೇಜಸ್ ಔಟ್‌ಲೆಟ್‌ಗಳ ಮುಂದೆ ಸಂಜೆ ಬೆಳೆಯುವ ಸಾಲನ್ನು ನೋಡಿದ ಯಾರಿಗೂ ತಿಳಿಯುತ್ತದೆ. ಇಲ್ಲಿನ ರಾತ್ರಿ ಈಗಿನ ಆಕಾರ ಪಡೆದದ್ದು ಅಬಕಾರಿ ನಿಯಮ, ಕರಾವಳಿ ನಿಯಮ, ಹೆದ್ದಾರಿ ನಿಯಮ ಈ ಮೂರೂ ಕಡಲಿಗೂ ರೈಲುಹಳಿಗೂ ನಡುವಿನ ಒಂದೇ ಕಿರಿದಾದ ಪಟ್ಟಿಯ ಮೇಲೆ ಒಂದರ ಮೇಲೊಂದು ಬಂದು ಬಿದ್ದದ್ದರಿಂದ. ಮೂರನ್ನೂ ಮಾಡಿದವರ ಉದ್ದೇಶ ಬೇರೆ ಬೇರೆ. ಆದರೆ ಮೂರೂ ಸೇರಿದಾಗ ದೊಡ್ಡ ಬಂಡವಾಳದವನಿಗೆ ಮಾತ್ರ ದಾರಿ ಉಳಿದು, ಸಾಧಾರಣ ಮನುಷ್ಯ ಬೆಳಕಿನಲ್ಲಿ ಕುಳಿತು ಕುಡಿಯುವ, ತಿನ್ನುವ ಜಾಗವೇ ನಕ್ಷೆಯಿಂದ ಅಳಿಸಿಹೋಯಿತು.

ಮೊದಲು ಅಬಕಾರಿಯ ಮಾತು. ಕೇರಳದಲ್ಲಿ ಸಾರಾಯಿ ನಿಷೇಧವಾದದ್ದು 1996ರ ಏಪ್ರಿಲ್ 1ರಂದು, ಎ.ಕೆ. ಆಂಟನಿ ಮುಖ್ಯಮಂತ್ರಿಯಾಗಿದ್ದಾಗ. ಪ್ರತಿ ತಿಂಗಳ ಒಂದನೇ ತಾರೀಖು ಮದ್ಯ ಮಾರಬಾರದೆಂಬ ನಿಯಮ ಬಂದದ್ದೂ ಅವರ ಮುಂದಿನ ಅವಧಿಯಲ್ಲೇ, 2003ರಲ್ಲಿ. (ಜನವರಿಯ ಒಂದನೇ ತಾರೀಖು ಕೂಡ ಒಂದನೇ ತಾರೀಖೇ ಆದ್ದರಿಂದ ಹೊಸ ವರ್ಷದ ಮೊದಲ ಸಂಜೆಯನ್ನು ಆಚರಿಸಲು ಬಂದ ಪ್ರವಾಸಿ ಪೆಚ್ಚುಮೋರೆ ಹಾಕುವುದು ಇಲ್ಲಿ ಪ್ರತಿ ವರ್ಷದ ದೃಶ್ಯ.) ದೊಡ್ಡ ಪೆಟ್ಟು ಬಿದ್ದದ್ದು 2014ರಲ್ಲಿ. ಆ ಏಪ್ರಿಲಿನಲ್ಲಿ ಗುಣಮಟ್ಟದ ಕಾರಣ ಹೇಳಿ 418 ಬಾರ್‌ಗಳ ಪರವಾನಗಿ ನವೀಕರಿಸದೆ ಬಿಟ್ಟ ಉಮ್ಮನ್ ಚಾಂಡಿ ಸರಕಾರ, ಆಗಸ್ಟಿನಲ್ಲಿ ಉಳಿದ 312ನ್ನೂ ಮುಚ್ಚಿಸಿ, ಪಂಚತಾರಾ ಹೋಟೆಲುಗಳಿಗೆ ಮಾತ್ರ ಬಾರ್ ಎಂಬ ನೀತಿಯನ್ನು ಘೋಷಿಸಿತು. ಬಾರ್ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರೂ 2015ರ ಡಿಸೆಂಬರಿನಲ್ಲಿ ನೀತಿಯೇ ಗೆದ್ದಿತು. ಎಡರಂಗ ಸರಕಾರ ಬಂದ ಮೇಲೆ 2017ರ ಜುಲೈ 1ರಿಂದ ಮೂರು ನಕ್ಷತ್ರ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ ಬಾರ್ ಮತ್ತೆ ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಇಲ್ಲಿನ ಬಾರ್ ಎಂದರೆ ನಕ್ಷತ್ರವಿರುವ ಹೋಟೆಲಿನ ಬಾರ್.

ನಕ್ಷತ್ರ ಎಂದರೆ ಏನೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅದನ್ನು ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಹೋಟೆಲಿನಲ್ಲಿ ಬಾಡಿಗೆಗೆ ಕೊಡುವ ಕನಿಷ್ಠ 10 ಕೋಣೆಗಳಿರಬೇಕು. ಕೋಣೆಯ ಅಳತೆ, ಸ್ನಾನದ ಮನೆ, ಬಿಸಿನೀರು, ವಾಹನ ನಿಲುಗಡೆ, ಸ್ವಾಗತದ ಕಟ್ಟೆ ಎಲ್ಲಕ್ಕೂ ಅಂಕ ಉಂಟು. ಇವೆಲ್ಲ ತಂಗುವ ಅತಿಥಿಗೆ ಬೇಕಾದವೇ. ಆದರೆ ಬಾರ್‌ನ ನೌಕರ ತೂರಾಡುತ್ತಿರುವ ಗಿರಾಕಿಗೆ ಇನ್ನೊಂದು ಪೆಗ್ ಕೊಡಲು ನಿರಾಕರಿಸುತ್ತಾನೆಯೇ, ಕೀಲಿಕೈ ಹಿಡಿದು ಹೊರಟವನನ್ನು ತಡೆದು ಆಟೋ ಕರೆಸುತ್ತಾನೆಯೇ ಎಂಬುದಕ್ಕೂ ಕೋಣೆಗಳ ಸಂಖ್ಯೆಗೂ ಏನು ಸಂಬಂಧ? ಕುಡಿತದ ಅಪಾಯ ತಗ್ಗಿಸುವ ಹೆಸರಿನಲ್ಲಿ ಬಂದ ಷರತ್ತು ಅಳೆಯುವುದು ಕಟ್ಟಡವನ್ನು, ಕುಡಿತವನ್ನಲ್ಲ. ಅದರ ಮೇಲೆ ವರ್ಷದ ಪರವಾನಗಿ ಶುಲ್ಕ ಬೇರೆ. 2023ರ ನೀತಿಯಲ್ಲಿ ಅದನ್ನು 30 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಲಾಯಿತು. ಗಡಿಯ ಆಚೆ ಕರ್ನಾಟಕದಲ್ಲಿ ಸಿಎಲ್-9 ಎಂಬ ಪರವಾನಗಿ ಇದೆ. ಒಂದು ಕೋಣೆಯನ್ನೂ ಬಾಡಿಗೆಗೆ ಕೊಡದೆ ಬಾರ್ ಆ್ಯಂಡ್ ರೆಸ್ಟೋರೆಂಟ್ ನಡೆಸುವುದು ಅದರಡಿ ಸಾಧ್ಯ. ಮಂಗಳೂರಿನಲ್ಲಿ ಅಂಜಲ್ ಫ್ರೈ, ಏಡಿ ಸುಕ್ಕಕ್ಕೆ ಹೆಸರಾದ ಎಷ್ಟೋ ಜಾಗಗಳು ಈ ಬಗೆಯವು. ಅಲ್ಲಿಯೂ 1992ರ ನಂತರ ದಶಕಗಳ ಕಾಲ ಹೊಸ ಸಿಎಲ್-9 ಕೊಡದೆ ಹಳೆಯವೇ ಕೈಬದಲಾಗುತ್ತಾ ಬಂದದ್ದರಿಂದ ಅದು ಸ್ವರ್ಗವೇನಲ್ಲ, ಪರವಾನಗಿಯ ಬೆಲೆ ಗಗನಕ್ಕೇರಿ ಕುಳಿತಿದೆ. ಆದರೂ ಊಟದ ಜೊತೆ ಕುಡಿತ ಎಂಬ ಒಂದು ಮಧ್ಯಮ ಬಗೆ ಅಲ್ಲಿ ಬದುಕಿದೆ.

ಇನ್ನು ಕರಾವಳಿ ನಿಯಮ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರ್‌ವರೆಗೆ ಹೊಸ ನಿರ್ಮಾಣ ಕೂಡದು. 2019ರ ಅಧಿಸೂಚನೆ ಜನದಟ್ಟಣೆಯ ಗ್ರಾಮಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿದ್ದಲ್ಲದೆ, ತೀರದಲ್ಲಿ ತಾತ್ಕಾಲಿಕ ಗುಡಿಸಲು, ಶೌಚಾಲಯದಂಥ ಪ್ರವಾಸಿ ಸೌಕರ್ಯಗಳಿಗೂ ಬಾಗಿಲು ತೆರೆಯಿತು. ಮೇಲ್ನೋಟಕ್ಕೆ ಇದು ಬೀಚ್ ಗುಡಿಸಲಿಗೆ ಹಸಿರು ನಿಶಾನೆ. ಆದರೆ ಪರಿಸರ ಇಲಾಖೆಗೆ ಬೇಕಾದ್ದು ಅಡಿಪಾಯವಿಲ್ಲದ, ಮಳೆಗಾಲಕ್ಕೆ ಬಿಚ್ಚಿಡುವ ಮಡಲಿನ ಚಪ್ಪರ. ಅಬಕಾರಿ ಇಲಾಖೆಗೆ ಬೇಕಾದ್ದು 10 ಕೋಣೆಗಳ ಕಾಂಕ್ರೀಟ್ ಹೋಟೆಲು. ಎರಡನ್ನೂ ಒಟ್ಟಿಗೆ ಪಾಲಿಸಬಲ್ಲ ಕಟ್ಟಡ ಒಂದೇ: ತೀರದಿಂದ ಹಿಂದೆ ಸರಿದು ಕಟ್ಟಡ ಕಟ್ಟಿ, ಮುಂದಿನ ಹಲವು ಎಕರೆಯನ್ನು ತೋಟವಾಗಿ ಬಿಡಬಲ್ಲ ರೆಸಾರ್ಟ್. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಗುರುತಿಸಿ, 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿ, ದೊಡ್ಡ ದೊಡ್ಡ ನಿವೇಶನಗಳನ್ನು ಹೋಟೆಲು ಕಂಪನಿಗಳಿಗೆ ಗುತ್ತಿಗೆ ಕೊಟ್ಟ ಯೋಜನೆಯ ಕಲ್ಪನೆಯೂ ಇದೇ ಆಗಿತ್ತು. ತಾಜ್, ಲಲಿತ್‌ನಂಥ ಹೆಸರುಗಳು ಬಂದವು. ಅಲ್ಲಿನ ಬಾರ್‌ನಿಂದ ಹಿನ್ನೀರೂ ಕಾಣುತ್ತದೆ, ತೆಂಗಿನ ಸಾಲೂ ಕಾಣುತ್ತದೆ; ಉದುಮದ ಮೇಸ್ತ್ರಿಯೋ ಕುಂಬಳೆಯ ಶಾಲಾ ಮಾಸ್ತರರೋ ಮಾತ್ರ ಅಲ್ಲಿ ಕಾಣುವುದಿಲ್ಲ.

ಮೂರನೆಯದು ಹೆದ್ದಾರಿ. ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಬಾರದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಾಗ ಬಯಲುಸೀಮೆಯ ಊರುಗಳಲ್ಲಿ ಅಂಗಡಿಯನ್ನು ಒಳಗೆ ಸರಿಸಿದರೆ ಕೆಲಸ ಮುಗಿಯುತ್ತಿತ್ತು. ಇಲ್ಲಾದರೋ ಕರ್ನಾಟಕದ ಗಡಿಯ ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿಯಿಂದ 500 ಮೀಟರ್ ಪಶ್ಚಿಮಕ್ಕೆ ಹೋದರೆ ಹಲವು ಕಡೆ ರೈಲುಹಳಿ ದಾಟಿ ಅಲೆಗೇ ಕಾಲಿಡಬೇಕಾಗುತ್ತದೆ. ಆಮೇಲೆ 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳಗಳಿಗೆ ದೂರವನ್ನು 220 ಮೀಟರಿಗೆ ಇಳಿಸಿ, ನಗರಸಭೆಯ ವ್ಯಾಪ್ತಿಗೆ ವಿನಾಯಿತಿ ಕೊಟ್ಟು, 2018ರಲ್ಲಿ ಯಾವ ಪಂಚಾಯತು ಪಟ್ಟಣದ ಸ್ವರೂಪದ್ದೆಂದು ತೀರ್ಮಾನಿಸುವುದನ್ನು ರಾಜ್ಯಗಳಿಗೇ ಬಿಟ್ಟದ್ದರಿಂದ ನಿರ್ಬಂಧದ ಕಾವು ಇಳಿಯಿತು. ಆದರೆ ಆ ಒಂದೆರಡು ವರ್ಷಗಳ ಗೊಂದಲದಲ್ಲಿ ಬಾರ್ ಎಂದರೆ ಪೇಟೆಯೊಳಗಿನದೇ ಕ್ಷೇಮವೆಂಬ ಪಾಠವನ್ನು ಉದ್ಯಮ ಕಲಿತಿತ್ತು. ಶಾಲೆ, ದೇವಸ್ಥಾನ, ಮಸೀದಿಗಳಿಂದ 200 ಮೀಟರ್ ದೂರವಿರಬೇಕೆಂಬ ಇನ್ನೊಂದು ನಿಯಮವನ್ನು 2017ರಲ್ಲಿ ಸಡಿಲಿಸಿದಾಗಲೂ 50 ಮೀಟರಿನ ಸೌಲಭ್ಯ ಸಿಕ್ಕಿದ್ದು ನಾಲ್ಕು ನಕ್ಷತ್ರದಿಂದ ಮೇಲಿನವರಿಗೆ. ದೇವರಿಗೂ ನಕ್ಷತ್ರದ ಲೆಕ್ಕ ತಿಳಿದಿರುತ್ತದೆಯೋ ಏನೋ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿದ ಪೇಟೆಯ ಬಾರ್ ಹೇಗಿರುತ್ತದೆಂದು ಒಳಹೊಕ್ಕು ನೋಡಬೇಕು. ಮುಂಬಾಗಿಲಿನಲ್ಲಿ ಕಪ್ಪು ಗಾಜು, ಒಳಗೆ ದಪ್ಪ ಪರದೆ, ಹಗಲು ಮೂರಕ್ಕೂ ರಾತ್ರಿ ಒಂಬತ್ತಕ್ಕೂ ವ್ಯತ್ಯಾಸ ತಿಳಿಯದ ಟ್ಯೂಬ್‌ಲೈಟು. ಕೆಳಗೆ ಗಲ್ಲಾಪೆಟ್ಟಿಗೆಯ ಪಕ್ಕದ ಕಟ್ಟೆಗೆ ಒರಗಿ ನಿಂತು ಕುಡಿಯುವವರು, ಮೇಲಿನ ಮಹಡಿಯಲ್ಲಿ ಎಸಿ ಹಾಕಿದ ಕೋಣೆಯಲ್ಲಿ ಕುಳಿತು ಕುಡಿಯುವವರು. ನಿಂತವನ ಮುಂದೆ ಒಂದು ತಟ್ಟೆಯಲ್ಲಿ ಕಡಲೆ, ಹೆಚ್ಚಿದ ಈರುಳ್ಳಿ, ಉಪ್ಪಿನಕಾಯಿಯ ಚೂರು. ಆತ ಕೂಲಿ ಮುಗಿಸಿ ಬಂದವನು. ಎರಡು ಪೆಗ್ಗನ್ನು ನೀರು ಬೆರೆಸಿ ಔಷಧಿಯಂತೆ ಗಂಟಲಿಗೆ ಇಳಿಸಿ, ಬಾಯಿ ಒರೆಸಿಕೊಂಡು, ಬಂದ ಹತ್ತೇ ನಿಮಿಷದಲ್ಲಿ ಹೊರಡುತ್ತಾನೆ. ಪರಿಚಿತರು ಕಂಡರೆ ಮುಖ ತಿರುಗಿಸುವ ಅವಸರವೂ ಅದರಲ್ಲಿದೆ. ಹೋಟೆಲಿಗೆ ನಕ್ಷತ್ರವಿದೆ, ಸರಿ. ಆ ನಕ್ಷತ್ರ ಈ ಮನುಷ್ಯನ ಕುಡಿತವನ್ನು ನಿಧಾನಗೊಳಿಸಲಿಲ್ಲ, ಜೊತೆಗೆ ಊಟ ಮಾಡಿಸಲಿಲ್ಲ, ಮಾತಾಡಿಸಲೂ ಇಲ್ಲ. ಬಾರ್ ಕೊಳ್ಳುವ ಸರಕೆಲ್ಲವೂ 1984ರಲ್ಲಿ ಸ್ಥಾಪನೆಯಾದ ರಾಜ್ಯ ಪಾನೀಯ ನಿಗಮದ ಗೋದಾಮಿನಿಂದಲೇ ಬರಬೇಕು. ಆ ಹೊತ್ತಿಗಾಗಲೇ ಅದರ ಮೇಲೆ 251%ವರೆಗೆ ಮಾರಾಟ ತೆರಿಗೆ ಬಿದ್ದಿರುತ್ತದೆ, 2023ರಿಂದ ದುಬಾರಿ ಬಾಟಲಿಗಳಿಗೆ 20 ಮತ್ತು 40 ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ಸೂ ಸೇರಿದೆ. ಅದರ ಮೇಲೆ ಹೋಟೆಲಿನ ಲಾಭ. ಕುಳಿತಷ್ಟೂ ಖರ್ಚು ಎಂಬ ಭಾವನೆ ಹುಟ್ಟುವುದು ಸಹಜ.

ಹಾಗಾಗಿ ಲೆಕ್ಕ ತಿಳಿದವರು ಔಟ್‌ಲೆಟ್‌ನಿಂದ ಬಾಟಲಿ ಕೊಳ್ಳುತ್ತಾರೆ. ಕೊಂಡು ಎಲ್ಲಿ ಕುಡಿಯಬೇಕು? ಅಬ್ಕಾರಿ ಕಾಯ್ದೆಯಂತೆ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಅಪರಾಧ. ಕುಡಿದು ಬಹಿರಂಗವಾಗಿ ತೂರಾಡಿದರೆ 2011ರ ಕೇರಳ ಪೊಲೀಸ್ ಕಾಯ್ದೆಯ 118(ಎ) ಕಾದಿದೆ. ಉಳಿಯುವುದು ಮನೆ. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ ಇರುವ ಮನೆಗೆ ಬಾಟಲಿ ತರುವ ಧೈರ್ಯ ಬಹುಪಾಲು ಗಂಡಸರಿಗಿಲ್ಲ, ಇರಬಾರದು ಎಂದೇ ಆ ಮನೆಯ ಹೆಂಗಸರೂ ಹೇಳುತ್ತಾರೆ. ಆದ್ದರಿಂದ ಕತ್ತಲಾದ ಮೇಲೆ ಕಡಲ ಬದಿಯ ಗಾಳಿಮರದ ತೋಪಿನಲ್ಲಿ, ದಡಕ್ಕೆ ಎಳೆದಿಟ್ಟ ದೋಣಿಗಳ ಮರೆಯಲ್ಲಿ, ನಿಲ್ಲಿಸಿದ ಕಾರಿನೊಳಗೆ ಮೊಬೈಲಿನ ಬೆಳಕು ಮಿನುಗುತ್ತದೆ. ಬೇಕಲ ತೀರದಲ್ಲಿ ಬೀಚ್ ಬಾರ್ ಇಲ್ಲವೆಂದು ನಾವು ಹೇಳುವುದು ಕಾಗದದ ಮಟ್ಟಿಗೆ. ಪರವಾನಗಿಯೂ ದೀಪವೂ ಶೌಚಾಲಯವೂ ಕಸದ ಬುಟ್ಟಿಯೂ ಇಲ್ಲದ ಬಾರ್ ಪ್ರತಿ ರಾತ್ರಿ ಅಲ್ಲಿ ನಡೆಯುತ್ತಲೇ ಇದೆ, ಬೆಳಿಗ್ಗೆ ಬಲೆ ಎಳೆಯಲು ಬರುವ ಮೀನುಗಾರನ ಅಂಗಾಲಿಗೆ ಗಾಜಿನ ಚೂರು ಅದರ ಲೆಕ್ಕ ಒಪ್ಪಿಸುತ್ತದೆ.

ಮಂಜೇಶ್ವರ ತಾಲೂಕಿನ ಕನ್ನಡಿಗರ ಸಂಜೆ ಇನ್ನೂ ಬೇರೆ. ಉಪ್ಪಳ, ಮಂಜೇಶ್ವರದವರಿಗೆ ಬೇಕಲಕ್ಕಿಂತ ಮಂಗಳೂರು ಹತ್ತಿರ. ಕಾಲೇಜು, ಆಸ್ಪತ್ರೆ, ಚಿನ್ನದಂಗಡಿಗೆ ಹೋಗುವ ಅದೇ ರಸ್ತೆಯಲ್ಲಿ ಶನಿವಾರ ರಾತ್ರಿಯ ಕೂಟಕ್ಕೂ ಹೋಗುತ್ತಾರೆ. ಕುಡಿಯುವ ಕನಿಷ್ಠ ವಯಸ್ಸು ಕರ್ನಾಟಕದ ನಿಯಮಗಳಲ್ಲಿ 21. ಕೇರಳ ಅದನ್ನು 2017ರಲ್ಲಿ 21ರಿಂದ 23ಕ್ಕೆ ಏರಿಸಿತು. ತಲಪಾಡಿ ದಾಟಿದರೆ ಮಾತ್ರ ಕುಡಿಯುವ ವಯಸ್ಸಿನವರಾಗುವ, 21ಕ್ಕೂ 23ಕ್ಕೂ ನಡುವಿನ ಯುವಕರು ಈ ತಾಲೂಕಿನಲ್ಲಿ ಸಾಕಷ್ಟಿದ್ದಾರೆ. ಬೆಲೆಯ ವ್ಯತ್ಯಾಸದ ಬಗ್ಗೆ ಮಾತ್ರ ಒಂದು ತಪ್ಪು ತಿಳಿವಳಿಕೆಯಿದೆ. ಎಲ್ಲ ಮದ್ಯವೂ ಕರ್ನಾಟಕದಲ್ಲಿ ಅಗ್ಗವೆಂಬುದು ನಿಜವಲ್ಲ. ಮೇಲ್ದರ್ಜೆಯ ಮದ್ಯಕ್ಕೆ ಅಲ್ಲಿ ಬಹುಕಾಲ ದುಬಾರಿ ಸುಂಕವಿದ್ದು 2024ರ ಆಗಸ್ಟಿನಲ್ಲಷ್ಟೇ ಇಳಿಯಿತು. ಅಗ್ಗವಿರುವುದು ಸುಂಕದ ಕೆಳಗಿನ ಸ್ಲ್ಯಾಬಿನ, ಅಂದರೆ ಕಡಿಮೆ ದರ್ಜೆಯ ಮದ್ಯದ ಟೆಟ್ರಾ ಪ್ಯಾಕೆಟ್. 2023ರಲ್ಲಿ ಅಬಕಾರಿ ಸುಂಕ 20% ಏರಿದ ಮೇಲೂ ಅದು ಇಲ್ಲಿನ ಕೂಲಿಕಾರನಿಗೆ ಲಾಭದ್ದೇ. ಪ್ಯಾಂಟಿನ ಜೇಬಿನಲ್ಲಿ ಹಿಡಿಸುತ್ತದೆ, ಬಿದ್ದರೆ ಒಡೆಯುವುದಿಲ್ಲ, ಕುಡಿದು ಎಸೆದರೆ ಸದ್ದಾಗುವುದಿಲ್ಲ. ತಲಪಾಡಿ, ಸಾರಡ್ಕ, ಜಾಲ್ಸೂರಿನ ದಾರಿಗಳಲ್ಲಿ, ಲೆಕ್ಕಕ್ಕೆ ಸಿಗದ ಅಡಿಕೆ ತೋಟದ ಒಳದಾರಿಗಳಲ್ಲಿ ಅದು ಬರುತ್ತದೆ. ‘ಕರ್ನಾಟಕ ಮದ್ಯ ಸಹಿತ ಓರ್ವನ ಬಂಧನ’ ಎಂಬ ಶೀರ್ಷಿಕೆ ಕಾಸರಗೋಡಿನ ಕನ್ನಡ ಪತ್ರಿಕೆಗಳಲ್ಲಿ ಹವಾಮಾನ ವರದಿಯಷ್ಟೇ ನಿಯಮಿತ. ಸಿಕ್ಕಿಬಿದ್ದವನ ಮೇಲೆ ಹಾಕುವ ಅಬ್ಕಾರಿ ಕಾಯ್ದೆಯ 55(ಎ) ಕಲಮಿನಲ್ಲಿ 10 ವರ್ಷದವರೆಗೆ ಸೆರೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ ಎಂದಿದೆ. ಸ್ಕೂಟರಿನ ಸೀಟಿನಡಿಯಲ್ಲಿ ಪ್ಯಾಕೆಟ್ ತರುವವನು ಹಿಡಿಯಲ್ಪಡುತ್ತಾನೆ, ಬೇಡಿಕೆ ಹಾಗೆಯೇ ಇರುತ್ತದೆ, ಮರುದಿನ ಇನ್ನೊಬ್ಬನ ಸ್ಕೂಟರು ಹೊರಡುತ್ತದೆ.

ಇಷ್ಟರ ನಡುವೆ ಈ ನೆಲದ್ದೇ ಆದ ಒಂದು ಜಾಗವಿದೆ, ಶೇಂದಿ ಅಂಗಡಿ. ತೀಯ ಮತ್ತು ಬಿಲ್ಲವ ಮನೆತನಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬಿನ ಮೇಲೆ ನಿಂತ ಅಂಗಡಿ ಅದು. ಮುತ್ತಪ್ಪನ ತೆಯ್ಯದಲ್ಲಿ (ದೈವದ ಕೋಲದಲ್ಲಿ) ಕಳ್ಳು ನೈವೇದ್ಯವಾಗುತ್ತದೆ. ಮದ್ಯವನ್ನು ಪಾಪವೆಂದೇ ನೋಡುವ ದೃಷ್ಟಿ ಇಲ್ಲಿಗೆ ಹೊರಗಿನಿಂದ ಬಂದದ್ದಲ್ಲವಾದರೂ ಅದೊಂದೇ ಇಲ್ಲಿನ ದೃಷ್ಟಿಯೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಳ್ಳೆಯ ಶೇಂದಿ ಅಂಗಡಿಯಲ್ಲಿ ಬೆಂಚು ಇದೆ, ಗಾಳಿ ಬರುತ್ತದೆ, ಬೇಯಿಸಿದ ಮರಗೆಣಸು ಇದೆ, ಕೆಂಪಗೆ ಖಾರ ಹಚ್ಚಿ ಹುರಿದ ಬೂತಾಯಿ ಇದೆ, ಋತುವಿನಲ್ಲಿ ಪಚ್ಚಿಲೆಯೂ ಇದೆ. ಬೆಳಗಿನ ಕಳ್ಳು ಹೊತ್ತೇರಿದಂತೆ ತಾನೇ ಹುಳಿಯುತ್ತಾ ಹೋಗುವುದರಿಂದ ಯಾವ ಹೊತ್ತಿಗೆ ಏನು ಕುಡಿಯಬೇಕೆಂಬುದೂ ಗಿರಾಕಿಗೆ ಗೊತ್ತು. ಇಲ್ಲಿ ಜನ ತಾಸುಗಟ್ಟಲೆ ಕುಳಿತು ಮಾತಾಡುತ್ತಾರೆ. ಆದರೆ ಅದು ಬಾರ್‌ಗಿಂತ ಬೇಗ ಬಾಗಿಲು ಹಾಕುತ್ತದೆ, ಮರ ಹತ್ತುವವರು ವರ್ಷ ವರ್ಷವೂ ಕಡಿಮೆಯಾಗುತ್ತಿದ್ದಾರೆ, ನಿಜವಾದ ಕಳ್ಳು ಸಾಲದೆ ಬಂದಾಗ ಕಲಬೆರಕೆಯ ಭಯವೂ ಇದೆ. ಸರಕಾರ 2021ರಲ್ಲಿ ಶೇಂದಿ ಉದ್ಯಮದ ಅಭಿವೃದ್ಧಿ ಮಂಡಳಿಗಾಗಿ ಕಾಯ್ದೆಯನ್ನೇನೋ ತಂದಿತು. 2023ರ ನೀತಿಯಲ್ಲಿ ಮೂರು ನಕ್ಷತ್ರದ ಹೋಟೆಲು, ರೆಸಾರ್ಟುಗಳು ತಮ್ಮ ತೋಟದ ತೆಂಗಿನಿಂದ ಕಳ್ಳು ಇಳಿಸಿ ಅತಿಥಿಗಳಿಗೆ ಕೊಡಬಹುದೆಂದಿತು. ಪ್ರವಾಸಿಯನ್ನು ಶೇಂದಿ ಅಂಗಡಿಗೆ ಕರೆತರುವ ಬದಲು ಶೇಂದಿಯನ್ನೇ ರೆಸಾರ್ಟಿಗೆ ಕಳುಹಿಸುವ ಈ ಆಲೋಚನೆಯಲ್ಲಿ ಮೂರು ನಕ್ಷತ್ರದ ಮೋಹವೇ ಮತ್ತೆ ಕಾಣುತ್ತದೆ.

ಹೆಂಗಸರ ವಿಷಯ ಬೇಗ ಮುಗಿಯುತ್ತದೆ, ಏಕೆಂದರೆ ಅವರಿಗೆ ಈ ರಾತ್ರಿಯಲ್ಲಿ ಜಾಗವೇ ಇಲ್ಲ. ರೆಸಾರ್ಟಿನ ಬಾರ್‌ನಲ್ಲಿ ಕುಳಿತ ಹೊರಗಿನ ಹೆಣ್ಣುಮಗಳನ್ನು ಯಾರೂ ನೋಡುವುದಿಲ್ಲ, ಪೇಟೆಯ ಬಾರ್‌ನಲ್ಲಿ ಕುಳಿತ ಊರಿನವಳನ್ನು ಎಲ್ಲರೂ ನೋಡುತ್ತಾರೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುವ ಗಾದೆ ಗಂಡಸಿಗಿಂತ ಹೆಣ್ಣಿಗೇ ಹೆಚ್ಚು ಅನ್ವಯಿಸುತ್ತದೆ. ಊಟಕ್ಕೆಂದು ಅಂಥ ಹೋಟೆಲಿಗೆ ಹೋದರೂ ‘ಫ್ಯಾಮಿಲಿ’ ಎಂದು ಬರೆದ ಬೇರೆ ಬಾಗಿಲಿನಿಂದಲೇ ಒಳಗೆ ಬರಬೇಕು. ಮಂಗಳೂರಿನಲ್ಲಿ 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಯುವತಿಯರನ್ನು ಹೊಡೆದ ಘಟನೆಯ ನೆನಪೂ ಈ ಕರಾವಳಿಯಲ್ಲಿ ಅಳಿದಿಲ್ಲ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು ಮನೆಗೆ ಮರಳುವ ದಾರಿ. 2017ರ ನೀತಿ ಪ್ರವಾಸಿ ಕೇಂದ್ರಗಳ ಬಾರ್‌ಗಳಿಗೆ ಇತರರಿಗಿಂತ ಒಂದು ತಾಸು ಹೆಚ್ಚು ಕೊಟ್ಟಿತು. ಕೊಟ್ಟದ್ದು ರಾತ್ರಿಯದ್ದಲ್ಲ, ಬೆಳಗಿನದ್ದು. ಆ ನೀತಿಯಂತೆ ಉಳಿದೆಡೆ ಬೆಳಿಗ್ಗೆ 11ರಿಂದ ರಾತ್ರಿ 11, ಪ್ರವಾಸಿ ಕೇಂದ್ರದಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 11. ರಾತ್ರಿ 11ಕ್ಕೆ ಕಾಸರಗೋಡಿನ ಬಾರ್‌ನಿಂದ ಹೊರಬಿದ್ದವನಿಗೆ ಬೇಕಲ 16 ಕಿಲೋಮೀಟರ್, ಮಂಜೇಶ್ವರ ಅದಕ್ಕಿಂತ ದೂರ, ಬದಿಯಡ್ಕದ ಕಡೆಯ ಬಸ್ಸು ಯಾವಾಗಲೋ ಹೋಗಿರುತ್ತದೆ. ಆಟೋದವರು ‘ಅಣ್ಣ, ಬರುವಾಗ ಖಾಲಿ ಬರಬೇಕು’ ಎಂದು ದುಪ್ಪಟ್ಟು ಕೇಳುತ್ತಾರೆ, ಅವರ ಮಾತಿನಲ್ಲಿ ಸುಳ್ಳಿಲ್ಲ. ಉಳಿಯುವುದು ತಂದ ಬೈಕು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಎರಡು ಪೆಗ್ ಕುಡಿದವನು ಈ ಮಿತಿ ದಾಟಿರುವುದೇ ಹೆಚ್ಚು. ಹಳೆಯ ರಸ್ತೆಯ ಗುಂಡಿಗಳು ಕನಿಷ್ಠ ವೇಗವನ್ನಾದರೂ ತಡೆಯುತ್ತಿದ್ದವು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾಗಿರುವ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಆ ತಡೆಯೂ ಇಲ್ಲ, ದೂರದ ತಿರುವಿನವರೆಗೆ ಹೋಗಲು ಸೋಮಾರಿತನವಾಗಿ ಸರ್ವಿಸ್ ರಸ್ತೆಯಲ್ಲಿ ಎದುರುದಿಕ್ಕಿನಲ್ಲಿ ನುಗ್ಗುವವರು ರಾತ್ರಿ ಹೊತ್ತು ಹೆಚ್ಚು. ಹೆದ್ದಾರಿಯ ಸಾವು ತಪ್ಪಿಸಲೆಂದೇ 2016ರ ತೀರ್ಪು ಬಂದದ್ದು. ಬಾರ್‌ಗಳು ಕೆಲವೇ ಪೇಟೆಗಳಲ್ಲಿ ಗುಂಪಾದಾಗ ಕುಡಿದವನು ಅದೇ ಹೆದ್ದಾರಿಯಲ್ಲಿ ಇನ್ನಷ್ಟು ದೂರ ಓಡಿಸಬೇಕಾಗುತ್ತದೆಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಹಾಗಾದರೆ ತೀರದಲ್ಲಿ ಸಣ್ಣ ಪರವಾನಗಿ ಕೊಡಬೇಕೇ? ಬಿಯರ್ ಮತ್ತು ವೈನಿಗೆ ಮಾತ್ರ, ಅಡುಗೆ ಕಡ್ಡಾಯ, ಆಸನಗಳಿಗೆ ಮಿತಿ, ಅಕ್ಟೋಬರದಿಂದ ಮೇ ತನಕ ಮಾತ್ರ ಎಂಬಂಥ ಪರವಾನಗಿಯನ್ನು ಬರೆಯುವುದು ಕಷ್ಟವಲ್ಲ. ಎಫ್‌ಎಲ್-11 ಎಂಬ ಬಿಯರ್-ವೈನ್ ಪಾರ್ಲರ್ ಪರವಾನಗಿ ಕೇರಳದ ನಿಯಮದಲ್ಲಿ ಈಗಾಗಲೇ ಇದೆ, ತೀರದ ಗುಡಿಸಲಿಗೆ ಒಪ್ಪುವಂತೆ ಅದನ್ನು ತಿದ್ದಬೇಕಷ್ಟೆ. ಕೊಡಬೇಕೆಂಬ ಕಡೆಗೇ ನನ್ನ ಒಲವು. ಕತ್ತಲಲ್ಲಿ ನಡೆಯುವುದನ್ನು ಬೆಳಕಿಗೆ ತಂದರೆ ಯಾರು, ಎಷ್ಟು, ಎಲ್ಲಿ ಎಂಬುದನ್ನಾದರೂ ಹೇಳಬಹುದು. ಆದರೆ ವಿರೋಧಿಸುವವರ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಮೀನುಗಾರರ ಬೀದಿಯಲ್ಲಿ ಹಗಲಿನ ದುಡಿಮೆ ಸಂಜೆಗೆ ಎಲ್ಲಿಗೆ ಹೋಗುತ್ತದೆಂಬುದು ಆ ಮನೆಗಳ ಹೆಂಗಸರಿಗೆ ಗೊತ್ತು, ಮನೆಯಿಂದ ಐವತ್ತು ಹೆಜ್ಜೆಗೆ ಮದ್ಯ ಸಿಕ್ಕರೆ ಏನಾಗುತ್ತದೆಂದೂ ಗೊತ್ತು. ಅವರ ಮಾತನ್ನು ಕೇಳಲು ಇದ್ದ ಒಂದು ಕಿಂಡಿಯನ್ನು ಸರಕಾರ 2017ರಲ್ಲೇ ಮುಚ್ಚಿತು: ಮದ್ಯದಂಗಡಿಗೆ ಪಂಚಾಯತು, ನಗರಸಭೆಯ ಅನುಮತಿ ಬೇಕೆಂಬ ಕಲಮುಗಳನ್ನು ತೆಗೆದುಹಾಕಲಾಯಿತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾಣತನದಲ್ಲಿ ಮದ್ಯವರ್ಜನೆಯ ಘೋಷಣೆಯನ್ನೂ ಮದ್ಯದ ತೆರಿಗೆಯನ್ನೂ ಒಟ್ಟಿಗೆ ಉಳಿಸಿಕೊಂಡ ನೀತಿ, ಎರಡಕ್ಕೂ ಬೆಲೆ ತೆರುವ ಊರಿನವರನ್ನು ಮಾತ್ರ ಕೋಣೆಯ ಹೊರಗೆ ನಿಲ್ಲಿಸಿದೆ. ಪಳ್ಳಿಕ್ಕೆರೆಯ ಗ್ರಾಮಸಭೆಗೆ ಪರವಾನಗಿ ಬೇಡವೆನ್ನುವ, ಬೇಕಾದರೆ ಇಂತಿಷ್ಟೇ ಹೊತ್ತು ಇಂಥದ್ದೇ ಜಾಗದಲ್ಲಿ ಎನ್ನುವ, ಜೊತೆಗೆ ರಾತ್ರಿ 11ರ ನಂತರ ಕಾಞಂಗಾಡಿಗೂ ಕಾಸರಗೋಡಿಗೂ ಒಂದೊಂದು ಬಸ್ಸು ಓಡಿಸಲೇಬೇಕೆಂದು ಷರತ್ತು ಹಾಕುವ ಅಧಿಕಾರ ಮೊದಲು ಮರಳಬೇಕು. ಅದಿಲ್ಲದೆ ಕೊಡುವ ಯಾವ ಹೊಸ ಪರವಾನಗಿಯೂ ಹರಾಜಿನಲ್ಲಿ ಹೆಚ್ಚು ಕೂಗಿದವನ ಪಾಲಾಗುತ್ತದೆ, ಮತ್ತು ಅವನು ಪಳ್ಳಿಕ್ಕೆರೆಯವನಾಗಿರುವುದಿಲ್ಲ.